ವಿನ್ನಿ ಟಟಲ್ ಮತ್ತು ಫಿರಂಗಿ ಗುಂಡಿ

ವಿನ್ನಿ ಟಟಲ್‌ಳನ್ನು ನನ್ನ ಅಂಗಡಿಯ ಮೇಜಿನ ಮೇಲಿಟ್ಟು ಚೀಟಿ ಅಂಟಿಸಬೇಕಾಗಿ ಬಂದರೆ ಹೀಗೆ ಬರೆದೇನು: ಎಪ್ಪತ್ತೊಂದು ವರ್ಷ ಹಳೆಯದು. ಮಂಡಿ ಎರಡೂ ಸವೆದಿವೆ. ಕಣ್ಣು ಹೊಸದರ ಹಾಗಿದೆ, ಕಿವಿ ಅದಕ್ಕಿಂತ ಚೆನ್ನಾಗಿದೆ. ಹಟ ಮೂಲದ್ದೇ, ಆಮೇಲೆ ಸೇರಿಸಿದ್ದಲ್ಲ. ರಿಪೇರಿ ಮಾಡಲು ಹೋದವರ ಗುರುತು ಎಲ್ಲೂ ಕಾಣುವುದಿಲ್ಲ. ಒಮ್ಮೆ ಕೊಂಡರೆ ವಾಪಸು ತೆಗೆದುಕೊಳ್ಳುವುದಿಲ್ಲ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನಿವೃತ್ತಿಯ ದಿನ ಜೊತೆಯವರು ಕೈಗಿತ್ತ ದುಡ್ಡಿನಲ್ಲಿ ಮೆಟಲ್ ಡಿಟೆಕ್ಟರ್ ಕೊಂಡಳು. ಹಡ್ಸನ್ ನದಿಯ ನಮ್ಮ ದಂಡೆಯಲ್ಲಿ ಇದನ್ನು ಯಾರೂ ಹುಚ್ಚು ಎನ್ನುವುದಿಲ್ಲ. ಎರಡೂವರೆ ಶತಮಾನದ ಹಿಂದೆ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷ್ ದೊರೆಯ ಮೇಲೆ ತಿರುಗಿಬಿದ್ದ ಸೈನ್ಯ ಇಲ್ಲಿನ ಗುಡ್ಡಗಳ ಬುಡದಲ್ಲಿ ಚಳಿಗಾಲ ಕಳೆದಿತ್ತು. ಸಿಪಾಯಿಗಳು ಹೋದರು, ಕೋಟುಗಳು ಕೊಳೆತವು, ಕೋಟಿನ ಗುಂಡಿಗಳು ಮಣ್ಣಿನಲ್ಲಿ ಉಳಿದವು. ಅವುಗಳನ್ನು ಕೊಂಡು ಮಾರುವುದರಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಕೆತ್ತನೆ ನಿಂತಿರುವ, ಹಿಂದಿನ ಕೊಂಡಿ ಮುರಿಯದಿರುವ ಒಂದೇ ಒಂದು ಗುಂಡಿಗೆ, ಹಳೆಯ ವಸ್ತು ಕೂಡಿಡುವ ಬಾಸ್ಟನ್ನಿನ ಡಾಕ್ಟರುಗಳು ಫೋನಿನಲ್ಲೇ ಜಗಳವಾಡುತ್ತಾರೆ.

ಉಳಿದ ಅಗೆಯುವವರು ಯಂತ್ರವನ್ನು ಕಬ್ಬಿಣಕ್ಕೆ ಕಿವುಡಾಗಿಸಿಕೊಂಡು ಹೊಲಕ್ಕಿಳಿಯುತ್ತಾರೆ. ವಿನ್ನಿ ಹಾಗಲ್ಲ. ಯಂತ್ರ ಕುಂಯ್ ಎಂದಲ್ಲೆಲ್ಲ ಮಂಡಿ ಊರುತ್ತಾಳೆ. ಮೊಳೆ, ಎತ್ತಿನ ಲಾಳ, ಸೋಡಾ ಡಬ್ಬಿಯ ಕಿವಿ, ಯಾರದೋ ಟ್ರ್ಯಾಕ್ಟರಿನ ನಟ್ಟು, ಎಲ್ಲವೂ ಹೊರಗೆ ಬರಬೇಕು. ಪ್ರತಿ ಕುಳಿಯನ್ನೂ ಮುಚ್ಚಿ, ಮೇಲೆ ಹುಲ್ಲಿನ ಹೆಂಟೆಯನ್ನು ಅದೇ ದಿಕ್ಕಿಗೆ ಕೂರಿಸಿ, ಅಂಗೈಯಿಂದ ತಟ್ಟುತ್ತಾಳೆ. ಮಗುವನ್ನು ಮಲಗಿಸಿದ ಹಾಗೆ. ಬೇರೆಯವರು ಒಂದು ಎಕರೆ ಮುಗಿಸುವ ಹೊತ್ತಿಗೆ ಇವಳು ಒಂದು ಅಡುಗೆಮನೆಯಷ್ಟು ಜಾಗ ಮುಗಿಸಿರುತ್ತಾಳೆ.

ಇದನ್ನಾದರೂ ಸಹಿಸಬಹುದು. ನನ್ನ ತಾಳ್ಮೆ ಕೆಡಿಸುತ್ತಿದ್ದದ್ದು ಬೇರೆ. ಏಳು ವರ್ಷ ಪ್ರತಿ ಗುರುವಾರ ನನ್ನ ಅಂಗಡಿಗೆ ಬಂದು, ನನ್ನ ಕಾಫಿ ಕುಡಿದು, ತನಗೆ ಸಿಕ್ಕಿದ್ದನ್ನು ನನ್ನ ಭೂತಗನ್ನಡಿಯ ಕೆಳಗಿಟ್ಟು, ಯಾವ ದಳದ್ದು, ಯಾವ ಇಸವಿಯದ್ದು ಎಂದು ಕೇಳಿಕೊಂಡು, ಮತ್ತೆ ಮೊಟ್ಟೆ ಪೆಟ್ಟಿಗೆಯೊಳಗೆ ಜೋಡಿಸಿ ಮನೆಗೆ ಒಯ್ದಿದ್ದಳು. ನನಗೆ ಮಾರಿದ್ದು ಸೊನ್ನೆ. ದುಡ್ಡು ಬೇಡವೆಂದಲ್ಲ, ಆಕೆಯ ಕಾರಿನ ಬಾಗಿಲು ಹಗ್ಗದ ಮೇಲೆ ನಿಂತಿತ್ತು.

ಏಳು ವರ್ಷವೂ ಒಂದೇ ಹೊಲ: ಹಾರ್ಮನ್ ವ್ಯಾನ್ ಡೈನ್ ಎಂಬ ಮುದುಕನ ಜೋಳದ ಹೊಲ. ಅಗೆಯುವವರಿಗೆ ಯಂತ್ರಕ್ಕಿಂತ ದೊಡ್ಡದು ಹೊಲದ ಒಡೆಯನ ಒಪ್ಪಿಗೆ. ಅದಕ್ಕಾಗಿ ವಿನ್ನಿ ಒಂದು ಬೇಸಿಗೆ ಪೂರ್ತಿ ಅವನ ಬೇಲಿಗೆ ಕಂಬ ನೆಟ್ಟಿದ್ದಳು. ಆಮೇಲೆ ತಾನೇ ಒಂದು ನಿಯಮ ಹಾಕಿಕೊಂಡಳು. ಸಂಜೆ ಹೊಲ ಬಿಡುವ ಮೊದಲು ಅಂದು ಸಿಕ್ಕಿದ್ದೆಲ್ಲವನ್ನೂ ಹಾರ್ಮನ್ನನ ಅಡುಗೆಮನೆಯ ಮೇಜಿನ ಮೇಲೆ ಹರಡುವುದು, ಮೊದಲ ಆಯ್ಕೆ ಅವನದು. ಅವನು ಪ್ರತಿ ಸಲವೂ ಹೇಳುತ್ತಿದ್ದದ್ದು ಒಂದೇ: "ತಗೊಂಡು ಹೋಗಮ್ಮ, ನನ್ನತ್ರ ಮೊಳೆಗೇನು ಬರ?"

ಎರಡು ವರ್ಷದ ಹಿಂದಿನ ಅಕ್ಟೋಬರ್. ಜೋಳ ಕಟಾವಾಗಿತ್ತು. ಆ ಹೊಲದ ತಗ್ಗು ಮೂಲೆಯಲ್ಲಿ ದನಗಳಿಗೊಂದು ಕೊಳ ತೋಡಿಸಲು ಹಾರ್ಮನ್ ನಿಶ್ಚಯಿಸಿದ್ದ. ತಿಂಗಳ ಕೊನೆಯ ಸೋಮವಾರ ಮಣ್ಣು ತೋಡುವ ಯಂತ್ರ ಬರುವುದಿತ್ತು. ಅಲ್ಲಿಯವರೆಗೆ ಮೂರು ವಾರ. ಸಿಪಾಯಿಗಳ ಗುಡಿಸಲುಗಳ ಸಾಲು ಇದ್ದದ್ದು ಆ ಮೂಲೆಯಲ್ಲೇ ಎಂದು ವಿನ್ನಿ ಏಳು ವರ್ಷದಿಂದ ಹೇಳುತ್ತಿದ್ದಳು. ದಿನಕ್ಕೊಂದು ಅಡುಗೆಮನೆಯಷ್ಟೇ ಮುಗಿಸುತ್ತ ಅಂತೂ ಆ ವರ್ಷ ಅಲ್ಲಿಗೆ ತಲುಪಿದ್ದಳು.

ಗುರುವಾರ ಬಂದವಳು ಪೆಟ್ಟಿಗೆ ತೆರೆಯಲಿಲ್ಲ. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಬೂದುಬಣ್ಣದ ತವರದ ಗುಂಡಿ, ಮೇಲೆ ಪುಟ್ಟ ಫಿರಂಗಿ, ಪಕ್ಕದಲ್ಲಿ ಬಾವುಟ, ಹಿಂದೆ ಕೊಂಡಿ ಗಟ್ಟಿಯಾಗಿ ನಿಂತಿದೆ: ಫಿರಂಗಿ ದಳದ ಸಿಪಾಯಿಯ ಕೋಟಿನದು. ನನ್ನ ಕಾಫಿ ಅರ್ಧ ಮೇಜಿನ ಮೇಲೆ ಚೆಲ್ಲಿತು.

"ಎಲ್ಲಿದೆ ಇದು?"

"ಹಾರ್ಮನ್ ಹತ್ರ. ಫಿರಂಗಿ ಚೆನ್ನಾಗಿದೆ, ಇದಿರ್ಲಿ ಅಂದ."

"ಕೊಟ್ಟುಬಿಟ್ಯಾ?"

"ಕೊಡೋದೇನು ಬಂತು ಮಾರಾಯಾ? ಅವನ ಹೊಲ."

"ಎಲ್ಲಿ ಇಟ್ಟ?"

"ಕಿಟಕಿ ಹತ್ರ ಜಾಮ್ ಬಾಟ್ಲಿ ಇದೆಯಲ್ಲ, ಅದರಲ್ಲಿ."

"ಸ್ಕ್ರೂ ಹಾಕೋ ಬಾಟ್ಲೀಲಾ?"

"ಹತ್ತಿ ಹಾಕಿ ಇಡು ಅಂದಿದ್ದೀನಿ."

"ಇಟ್ನಾ?"

"ಹೂಂ ಅಂದ."

"ವಿನ್ನಿ, ಹಾರ್ಮನ್ ಐವತ್ತು ವರ್ಷದಿಂದ ಹೂಂ ಅಂತಾನೇ ಇದ್ದಾನೆ. ಅವನ ಕೊಟ್ಟಿಗೆ ಬಾಗಿಲು ಇನ್ನೂ ಒಂದೇ ಕೀಲಿನ ಮೇಲಿದೆ!"

"ಹೋಗ್ಲಿ ಬಿಡು ಲೈಲ್. ಒಂದಿದ್ದ ಕಡೆ ಹತ್ತಿರುತ್ತೆ. ಇನ್ನೂ ಮೂರು ವಾರ ಇದೆ ನಂಗೆ." ಹೀಗೆಂದು ನನ್ನ ಉಳಿದ ಕಾಫಿಯನ್ನೂ ಕುಡಿದು ಎದ್ದಳು.

ಎರಡೂವರೆ ಶತಮಾನ ಮಣ್ಣಿನಲ್ಲಿದ್ದ ತವರ ಎಂದರೆ ಒಣ ರೊಟ್ಟಿಯ ಹಾಗೆ. ಸ್ಕ್ರೂಗಳ ನಡುವೆ ಒಂದು ವಾರ ಗಲಗಲ ಎಂದರೆ ಪುಡಿ. ಅದಕ್ಕೇ ಹಾರ್ಮನ್ನನ ಮನೆಗೆ ಹೋದೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಬೇರೆ: ನನ್ನ ಜೇಬಿನಲ್ಲಿ ಆಗಲೇ ಒಬ್ಬ ಬಾಸ್ಟನ್ ಡಾಕ್ಟರಿನ ನಂಬರ್ ಇತ್ತು.

ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಹಾರ್ಮನ್ನನ ಮುಂಬಾಗಿಲು ತಟ್ಟಿದೆ. ನಮ್ಮ ಕಡೆಯ ರೈತರ ಮನೆಗೆ ಗೊತ್ತಿದ್ದವರು ಹಿಂದಿನಿಂದ, ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಮುಂಬಾಗಿಲು ತಟ್ಟುವವರು ವಿಮೆ ಮಾರುವವರು, ಧರ್ಮ ಮಾರುವವರು, ಕೋರ್ಟಿನ ಕಾಗದ ತರುವವರು. ಅರವತ್ತು ವರ್ಷ ಇದೇ ಊರಿನಲ್ಲಿ ಬಾಳಿದ ನಾನು ಅದನ್ನು ಮರೆತೆ. ಒಳಗೆ ಕುರ್ಚಿ ಎಳೆದ ಸದ್ದು, ಬಾಗಿಲು ಜಗ್ಗಿದ ಸದ್ದು, ಬೈಗುಳ. ಕೊನೆಗೆ ಒಂದು ಗೇಣು ತೆರೆಯಿತು.

"ಏನು?"

"ಹಾರ್ಮನ್, ನಿಮ್ಮ ಹತ್ರ ಒಂದು ಹಳೇ ಗುಂಡಿ ಇದೆಯಂತೆ. ಆರುನೂರು ಡಾಲರ್ ಕೊಡ್ತೀನಿ."

ಅವನು ನನ್ನ ಅಂಗಿಯನ್ನು ಮೇಲಿಂದ ಕೆಳಕ್ಕೆ ನೋಡಿದ. "ಒಂದಕ್ಕಾ?"

"ಒಂದಕ್ಕೇ."

ಹಾರ್ಮನ್ ತುಟಿ ಅಲ್ಲಾಡಿಸಿ ಏನೋ ಗುಣಿಸಿದ. ಗುಣಿಸಿದ್ದು ಗುಂಡಿಗಳನ್ನಲ್ಲ, ವರ್ಷಗಳನ್ನು. "ಹಂಗಾದ್ರೆ ಆ ಯಮ್ಮ ಏಳು ವರ್ಷದಿಂದ ನನ್ನ ಹೊಲದಿಂದ ಏನೇನು ಹೊತ್ಕೊಂಡು ಹೋಗಿದ್ದಾಳೆ?"

ಅಲ್ಲೇ ಬಾಯಿ ಮುಚ್ಚಿಕೊಂಡು ಬಂದಿದ್ದರೂ ನಡೆಯುತ್ತಿತ್ತೇನೋ. ನಾನು ವ್ಯಾಪಾರಿ, ವಿವರಿಸಲು ನಿಂತೆ. ಉಳಿದದ್ದೆಲ್ಲ ಬಹುಪಾಲು ಗುಜರಿ, ಅದಕ್ಕೆ ಬೆಲೆಯೇ ಇಲ್ಲ ಎಂದೆ.

"ಗುಜರಿ ಹೆಕ್ಕೋಕೆ ಏಳು ವರ್ಷ ಯಾರಯ್ಯಾ ಮಂಡಿ ಸವೆಸ್ತಾರೆ?" ಎಂದು ಬಾಗಿಲು ಹಾಕಿದ. ಮಧ್ಯಾಹ್ನದ ಹೊತ್ತಿಗೆ ಹೊಲದ ಗೇಟಿಗೆ ಸರಪಳಿ ಬಿತ್ತು.

ಶನಿವಾರ ವಿನ್ನಿ ಅಂಗಡಿಗೆ ಬಂದಳು. ಕಾಫಿ ಬೇಡ ಎಂದಳು. ಆಗಲೇ ನನಗೆ ಅರ್ಥವಾಯಿತು.

"ಅವನ ಮನೆಗೆ ಹೋಗಿದ್ಯಂತೆ."

"ಹೋಗಿದ್ದೆ."

"ಯಾವ ಬಾಗಿಲಿಂದ?"

ನಾನು ಭೂತಗನ್ನಡಿ ಒರೆಸತೊಡಗಿದೆ.

"ಅಯ್ಯೋ ದೇವರೇ," ಎಂದಳು ವಿನ್ನಿ. "ಅಂಗಿ ಇಸ್ತ್ರಿ ಬೇರೆ ಮಾಡಿಕೊಂಡು ಹೋಗಿರ್ತೀಯ."

"ನೀನು ಮೊದಲೇ ನನಗೆ ಒಂದೆರಡು ಮಾರಿದ್ರೆ ಇಷ್ಟೆಲ್ಲಾ ಆಗ್ತಿತ್ತಾ?" ಎಂದು ನಾನೂ ರೇಗಿದೆ. ತಪ್ಪು ಮಾಡಿದವನಿಗೆ ರೇಗುವುದು ಸುಲಭ.

"ಹೋಗಿ ಹೇಳು ಅವನಿಗೆ. ವಿನ್ನಿ ಯಾವತ್ತೂ ಒಂದೂ ಮಾರಿಲ್ಲ ಅಂತ. ನಿನ್ನ ಬಾಯಿಂದಲೇ ಹೇಳು. ನಾನು ಹೇಳಿದ್ರೆ ಕಳ್ಳಿ ಮಾತಾಗುತ್ತೆ."

"ಹೇಳ್ತೀನಿ" ಎಂದೆ. ಹೇಳಲಿಲ್ಲ. ಭಾನುವಾರ ಪೆನ್ಸಿಲ್ವೇನಿಯಾದ ದೊಡ್ಡ ಮಾರಾಟ ಮೇಳಕ್ಕೆ ಹೊರಡುವುದಿತ್ತು, ಅಲ್ಲಿಂದ ಇನ್ನೊಂದಕ್ಕೆ. ಬಂದ ಮೇಲೆ ಹೋದರಾಯಿತು ಎಂದುಕೊಂಡೆ. ವಿನ್ನಿ ಮಾತ್ರ ತನ್ನ ಮೊಟ್ಟೆ ಪೆಟ್ಟಿಗೆಗಳನ್ನೆಲ್ಲ ಕಾರಿಗೆ ತುಂಬಿಕೊಂಡು ಮೂರು ಮಂಗಳವಾರ ಹಾರ್ಮನ್ನನ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳಂತೆ. ಮೂರು ಸಲವೂ ಒಳಗೆ ರೇಡಿಯೋ ಜೋರಾಯಿತು, ಬಾಗಿಲು ತೆರೆಯಲಿಲ್ಲ.

ನಾನು ಊರಿಗೆ ವಾಪಸಾದದ್ದು ತಿಂಗಳ ಕೊನೆಯ ಬುಧವಾರ. ಎರಡು ದಿನ ಮೊದಲೇ ಯಂತ್ರ ಬಂದು ಹೋಗಿತ್ತು. ತಗ್ಗು ಮೂಲೆಯಲ್ಲಿ ಕೆಸರು ನೀರು ನಿಂತಿತ್ತು. ತೋಡಿದ ಮಣ್ಣನ್ನು ಲಾರಿಗಳು ಸರ್ಕಾರಿ ರಸ್ತೆಯ ಅಂಚಿಗೆ ಒಯ್ದು ಸುರಿದಿದ್ದವು.

"ರಸ್ತೆ ಬದಿ ತಾನೇ, ಯಾರು ನೋಡ್ತಾರೆ? ಹೋಗಿ ಹುಡುಕು" ಎಂದೆ ವಿನ್ನಿಗೆ.

"ಅಲ್ಲಿ ನನಗೆ ಒಪ್ಪಿಗೆ ಕೊಟ್ಟೋರು ಯಾರು?" ಎಂದಳು. ಆಗ ನನಗೆ ಬಂದಷ್ಟು ಸಿಟ್ಟು ಅವಳಿಗೆ ಬರಲೇ ಇಲ್ಲ. ಅದರಿಂದ ನನ್ನ ಸಿಟ್ಟು ಇನ್ನಷ್ಟಾಯಿತು.

ನವೆಂಬರಿನಲ್ಲಿ ಅಗ್ನಿಶಾಮಕ ದಳದವರು ಚಂದಾ ಎತ್ತಲು ನಡೆಸುವ ಪ್ಯಾನ್‌ಕೇಕ್ ಊಟ. ಊರೆಲ್ಲ ಬರುತ್ತದೆ, ಹಾರ್ಮನ್ನನೂ ಬರುತ್ತಾನೆ. ಅಲ್ಲಿ ಮುಚ್ಚಿಕೊಳ್ಳಲು ಬಾಗಿಲಿಲ್ಲ. ಅವನು ಎರಡನೇ ತಟ್ಟೆಗೆ ಸಿರಪ್ ಸುರಿಯುತ್ತಿದ್ದಾಗ ವಿನ್ನಿ ಬಂದು ಎದುರಿಗೆ ಮೊಟ್ಟೆ ಪೆಟ್ಟಿಗೆಗಳನ್ನು ಜೋಡಿಸತೊಡಗಿದಳು. ಮೂವತ್ತೆಂಟು. ಒಂದೊಂದು ಕುಳಿಯಲ್ಲಿ ಒಂದೊಂದು ವಸ್ತು, ಮುಚ್ಚಳದ ಮೇಲೆ ಬೇಲಿಯ ಯಾವ ಕಂಬದಿಂದ ಎಷ್ಟು ಹೆಜ್ಜೆ ಎಂಬ ಬರಹ.

"ನಿನ್ನ ಹೊಲ," ಎಂದಳು. "ಏಳು ವರ್ಷದ್ದು. ಬೇಕಾದ್ದು ತಗೋ."

ಹಾರ್ಮನ್ ಫೋರ್ಕಿನ ಹಿಡಿಯಿಂದ ಒಂದೊಂದು ಮುಚ್ಚಳ ಎತ್ತಿ ನೋಡಿದ. ಮೊಳೆಗಳಿಗೂ ವಿಳಾಸವಿತ್ತು. ಆಮೇಲೆ ತಲೆಯೆತ್ತಿ ಸಾಲಿನಲ್ಲಿದ್ದ ನನ್ನನ್ನು ಕರೆದ.

"ಏಯ್, ಮುಂಬಾಗಿಲಿನೋನೇ! ಇಲ್ಲಿ ಬಾ. ಇದಕ್ಕೆಲ್ಲಾ ಎಷ್ಟಾಗುತ್ತೆ?"

ಊರೆಲ್ಲ ನೋಡುತ್ತಿತ್ತು. "ನಾಲ್ಕು ಸಾವಿರಕ್ಕೆ ಕಮ್ಮಿ ಇಲ್ಲ" ಎಂದೆ.

"ಇದರಲ್ಲಿ ನಿನಗೆಷ್ಟು ಮಾರಿದ್ದಾಳೆ?"

"ಒಂದೂ ಇಲ್ಲ. ಕೇಳಿ ಕೇಳಿ ನನ್ನ ನಾಲಿಗೆ ಸವೆದಿದೆ."

ಹಾರ್ಮನ್ ವಿನ್ನಿಯ ಕಡೆ ತಿರುಗಿದ. "ಯಾಕಮ್ಮ ಮಾರ್ಲಿಲ್ಲ? ಕಾರಿಗೆ ಹಗ್ಗ ಕಟ್ಟಿದ್ದೀಯ."

"ಮಾರಿದ್ರೆ ಅದು ಬರೀ ಗುಂಡಿ ಹಾರ್ಮನ್. ಈ ಪೆಟ್ಟಿಗೇಲಿದ್ರೆ ಒಬ್ಬ ಸಿಪಾಯಿ ಚಳಿಯಲ್ಲಿ ಎಲ್ಲಿ ಕೂತಿದ್ದ ಅಂತ ಗೊತ್ತಾಗುತ್ತೆ."

ಹಾರ್ಮನ್ ಫೋರ್ಕನ್ನು ತಟ್ಟೆಯಲ್ಲಿಟ್ಟ. "ಅಕ್ಟೋಬರಿನಲ್ಲೇ ಯಾರಾದ್ರೂ ಬಂದು ಹೇಳಿದ್ರೆ ಯಂತ್ರ ನಿಲ್ಲಿಸ್ತಿದ್ದೆ" ಎಂದ. ಯಾರನ್ನೂ ನೋಡಿ ಹೇಳಲಿಲ್ಲ. ಆದರೆ ವಿನ್ನಿ ನನ್ನನ್ನು ನೋಡಿದಳು. ಒಂದೇ ಸಲ. ಆಮೇಲೆ ಪೆಟ್ಟಿಗೆಗಳ ಮುಚ್ಚಳ ಹಾಕತೊಡಗಿದಳು. ಹಾರ್ಮನ್ ಅವುಗಳಿಂದ ಏನನ್ನೂ ತೆಗೆದುಕೊಳ್ಳಲಿಲ್ಲ.

ಸರಪಳಿ ಮರುದಿನವೇ ಇಳಿಯಿತು. ಈಗಲೂ ವಿನ್ನಿ ಆ ಹೊಲದಲ್ಲಿ ಮಂಡಿ ಊರುತ್ತಾಳೆ. ಮೇಲಿನ ಅಂಚುಗಳಲ್ಲಿ ಲಾಳ ಸಿಗುತ್ತದೆ, ಕೋವಿಯ ಗುಂಡು ಸಿಗುತ್ತದೆ. ಫಿರಂಗಿಯದ್ದು ಇನ್ನೊಂದು ಸಿಕ್ಕಿಲ್ಲ. ಸಿಗುವ ಜಾಗದ ಮೇಲೆ ದನಗಳು ನೀರು ಕುಡಿಯುತ್ತಿವೆ. ಗುರುವಾರ ಅಂಗಡಿಗೆ ಬರುತ್ತಾಳೆ, ಕಾಫಿ ಕುಡಿಯುತ್ತಾಳೆ, ಏನನ್ನೂ ಮಾರುವುದಿಲ್ಲ. ಕೊಳದ ವಿಷಯ ಒಮ್ಮೆಯೂ ಎತ್ತಿಲ್ಲ. ಎತ್ತಿ ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ; ಅದಕ್ಕೂ ಆಕೆ ಅವಕಾಶ ಕೊಟ್ಟಿಲ್ಲ.

ನಾನು ಒಂದು ಬಾಗಿಲಿಗೆ ಹೋಗಿ ಒಂದು ಮಾತು ಹೇಳಿದ್ದರೆ ವಿನ್ನಿ ಟಟಲ್‌ಳಿಗೆ ಆ ತಗ್ಗು ಮೂಲೆಯಲ್ಲಿ ಮೂರು ವಾರ ಸಿಗುತ್ತಿತ್ತು. ಆ ಮೂರು ವಾರ ನಾನು ಆಕೆಗೆ ಕೊಡಬೇಕಾದದ್ದು, ಅದನ್ನು ಕೊಡಲು ನನ್ನಿಂದ ಆಗುವುದಿಲ್ಲ.