ದೊಪ್ಪಮ್ಮನವರು ಎತ್ತಾದ ಪ್ರಸಂಗ

ಸೈರಣೆಯಲ್ಲಿ ನೆಲಕ್ಕೆ ಸರಿಸಾಟಿಯಾದವರೂ, ಅದೇ ನೆಲದ ಮೇಲೆ ಬೀಳುವುದರಲ್ಲಿ ತಮಗೆ ಸಾಟಿಯಿಲ್ಲದವರೂ, ಅಳುವ ಕೂಸಿನ ಮುಂದೆ ಕಪ್ಪೆಯಾಗಬಲ್ಲವರೂ, ಮುನಿದ ಕೂಸಿನ ಮುಂದೆ ಕರಡಿಯಾಗಬಲ್ಲವರೂ, ಬಿಗಿದ ಸ್ನಾಯುವನ್ನು ಹೂವೆಂಬಂತೆ ಮುಟ್ಟುವವರೂ, ಸುಳ್ಳು ಭರವಸೆಯನ್ನು ಕೆಂಡವೆಂಬಂತೆ ಮುಟ್ಟದವರೂ, ಎರಡು ಮಂಡಿಚಿಪ್ಪುಗಳನ್ನೂ ಪರೋಪಕಾರಕ್ಕೆಂದೇ ಸವೆಸಿದವರೂ, ನಕ್ಕರೆ ಪಕ್ಕದ ಕಟ್ಟಡದವರು ಕಿಟಕಿ ತೆರೆಯುವಂತೆ ನಗುವವರೂ ಆದ ಆ ಪುಣ್ಯವಂತೆಯನ್ನು ಲೋಕವು ದೊಪ್ಪಮ್ಮನೆಂದು ಕರೆಯುತ್ತಿತ್ತು.

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಚಲನೆಯನ್ನು ಕಲಿಸುವ ಫಿಸಿಯೋಥೆರಪಿ ಅವರ ವೃತ್ತಿ. ಅಂಥ ಮಕ್ಕಳ ಮಿದುಳಿನಿಂದ ಹೊರಟ ಅಪ್ಪಣೆಯು ಕಾಲನ್ನು ತಲುಪುವಷ್ಟರಲ್ಲಿ ದಾರಿಯಲ್ಲಿಯೇ ಅಡ್ಡಾದಿಡ್ಡಿಯಾಗುತ್ತದೆ. ಸ್ನಾಯು ಬಿಗಿಯುತ್ತದೆ, ಹಿಮ್ಮಡಿ ನೆಲ ಮುಟ್ಟಲು ಒಲ್ಲೆನೆನ್ನುತ್ತದೆ. ನಡೆಯುವುದಕ್ಕೆ ಮೊದಲು ಬೀಳುವ ಭಯ ಹೋಗಬೇಕೆಂಬುದು ಅವರ ಮತ. ಆದ್ದರಿಂದ ಹೊಸ ಮಗು ಬಂದ ದಿನ ತಾವೇ ಮೊದಲು ಚಾಪೆಯ ಮೇಲೆ ದೊಪ್ಪನೆ ಬಿದ್ದು ತೋರಿಸುತ್ತಿದ್ದರು. ದೊಡ್ಡಮ್ಮ ಎನ್ನಲು ನಾಲಿಗೆ ಹೊರಳದ ಮಗುವೊಂದು ಅವರನ್ನು ದೊಪ್ಪಮ್ಮ ಎಂದಿತು. ಸದ್ದಿಗೂ ಸಂಬಂಧಕ್ಕೂ ಒಮ್ಮೆಗೇ ಒಪ್ಪುವ ಹೆಸರನ್ನು ತಿದ್ದಲು ಯಾರಿಗೂ ಮನಸ್ಸಾಗಲಿಲ್ಲ.

ಅವರ ಬಳಿಗೆ ಒಬ್ಬ ಅಜ್ಜಿ ತಮ್ಮ ಏಳು ವರ್ಷದ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ತಂದರು. ಮಾತಿನ ಖಾರದಿಂದಾಗಿ ಆ ಹುಡುಗಿಗೆ ಮನೆಯಲ್ಲಿ ಮೆಣಸಿನಕಾಯಿ ಎಂದು ಹೆಸರು. ಬೀದಿಯ ತಿರುವಿನ ಶಾಲೆಗೆ ಸೇರುವುದೊಂದೇ ಅವಳ ಆಸೆ. ಆದರೆ ಆ ಶಾಲೆಯ ಬಾಗಿಲಲ್ಲಿ ಒಂದು ಮೆಟ್ಟಿಲಿತ್ತು, ಮೆಟ್ಟಿಲಿನಾಚೆ ಹೆಡ್‌ಮಿಸ್ ಇದ್ದರು.

“ಅದೊಂದು ಮೆಟ್ಟಿಲು ತಾನಾಗೇ ಹತ್ತಿದ್ರೆ ಸೇರಿಸ್ಕೋತೀನಿ,” ಎಂದಿದ್ದರು ಅವರು. “ದಿನಾ ಎತ್ಕೊಂಡು ಒಳಗೆ ಕೂರಿಸೋಕೆ ನಮ್ಮಲ್ಲಿ ಯಾರಿದ್ದಾರೆ ಹೇಳಿ?”

ಅಜ್ಜಿಯ ಸೊಂಟವೂ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟತೊಡಗಿತ್ತು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಆ ಕಾಲು ಮೆಟ್ಟಿಲು ಹತ್ತಬೇಕಾಗಿತ್ತು.

ಬಿಗಿದ ಮೀನಖಂಡವನ್ನು ಮೆಲ್ಲಗೆ ಎಳೆದು ಸಡಿಲಿಸುವುದು, ದೊಡ್ಡ ಚೆಂಡಿನ ಮೇಲೆ ಕುಳಿತು ತೂಗುವುದು, ಎರಡು ಸರಳುಗಳ ನಡುವೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು, ಇವೆಲ್ಲವೂ ಸಾಂಗವಾಗಿ ನಡೆದವು. ಆಮೇಲೆ ದೊಪ್ಪಮ್ಮನವರು ಹುಡುಗಿಯನ್ನು ವಾಕರ್ ಹಿಡಿಸಿ ನಿಲ್ಲಿಸಿ, ಮುಂದೆ ಒಂದು ಮರದ ಹಲಗೆಯಿಟ್ಟರು. ತಲೆ ತಗ್ಗಿಸದೆ ಮುಂದಕ್ಕೆ ನೋಡಲೆಂದು ಎದುರು ಗೋಡೆಯ ಕಡೆಗೆ ಬೆರಳು ಚಾಚಿ, “ಎಲ್ಲಿ, ಕಾಲು ಎತ್ತು,” ಎಂದರು.

“ನಾನು ಎತ್ತಲ್ಲ,” ಎಂದಳು ಹುಡುಗಿ.

“ಹಾಗನ್ಬಾರದು ಪುಟ್ಟಿ. ಕಾಲು ಎತ್ತು.”

“ಎತ್ತಲ್ಲ ಅಂದ್ನಲ್ಲ.”

ಅಜ್ಜಿ ನಡುವೆ ಬಂದು ಗಲ್ಲ ಹಿಡಿದರು. “ಎತ್ತಮ್ಮ, ನನ್ನ ಬಂಗಾರ ಅಲ್ವಾ?”

ಹುಡುಗಿಯ ಕಣ್ಣು ತುಂಬಿತು. “ಅಜ್ಜೀ, ನೀನೂನಾ?”

ಮರುದಿನವೂ ಇದೇ, ಅದರ ಮರುದಿನವೂ ಇದೇ. ದೊಪ್ಪಮ್ಮನವರು ಕಪ್ಪೆಯಾದರು, ಕರಡಿಯಾದರು, ಸಮಯಕ್ಕೆ ಸರಿಯಾಗಿ ಬರುವ ರೈಲೂ ಆದರು. ಹುಡುಗಿ ನಕ್ಕಳು, ಕಾಲು ಮಾತ್ರ ನೆಲ ಬಿಡಲಿಲ್ಲ. ರಜೆ ಕರಗುತ್ತಿತ್ತು. ಕಡೆಗೊಂದು ದಿನ ದೊಪ್ಪಮ್ಮನವರು ಅವಳ ಪಕ್ಕದಲ್ಲಿಯೇ ಚಾಪೆಯ ಮೇಲೆ ಕುಳಿತರು.

“ನೋವಾಗುತ್ತೇನೇ?”

“ಇಲ್ಲ.”

“ಭಯಾನಾ?”

“ಇಲ್ಲ.”

“ಮತ್ತೆ ಯಾಕೆ ಎತ್ತಲ್ಲ ಅಂತೀಯ?”

“ಯಾಕಂದ್ರೆ? ನಾನು ಹುಡುಗಿ,” ಎಂದು ಅವಳು ಎದುರು ಗೋಡೆಯನ್ನು ತೋರಿಸಿದಳು. “ಎತ್ತು ಅದು. ಅದಕ್ಕೆ ಕೊಂಬಿದೆ, ನಂಗೆಲ್ಲಿದೆ? ದಿನಾ ಅದನ್ನ ತೋರಿಸಿ ನನ್ನ ಎತ್ತು ಅಂತೀರ. ಅದೂ ಪೂರ್ತಿ ಎತ್ತಲ್ಲ, ಕಾಲು ಭಾಗ.”

ಗೋಡೆಯ ಮೇಲೆ ವರ್ಣಮಾಲೆಯ ಚಿತ್ರಪಟವಿತ್ತು. ಎಕಾರದ ಕೆಳಗೆ ಕೊಬ್ಬಿದ ಬಿಳಿಯ ಎತ್ತೊಂದು ನಿಂತಿತ್ತು. ದೊಪ್ಪಮ್ಮನವರು ದಿನವೂ ಚಾಚುತ್ತಿದ್ದ ಬೆರಳು ನೆಟ್ಟಗೆ ಅದರ ಮೂಗಿಗೇ ಗುರಿಯಾಗಿತ್ತು.

ಹುಟ್ಟಿದಂದಿನಿಂದ ಎಲ್ಲರೂ ಆ ಹುಡುಗಿಯನ್ನು ಎತ್ತಿಕೊಂಡವರೇ ಹೊರತು, ನೀನು ಏನನ್ನಾದರೂ ಎತ್ತು ಎಂದು ಹೇಳಿದವರಿರಲಿಲ್ಲ. ಅವಳು ಬಲ್ಲದ್ದು ‘ಎತ್ಕೋ’ ಎಂಬ ಮಾತೊಂದನ್ನೇ. ತಾನು ಎತ್ತು ಅಲ್ಲವೆಂದು ಅವಳು ಸಾರಿದ್ದನ್ನು ಇವರು ಎತ್ತುವುದಿಲ್ಲವೆಂದು ಕೇಳಿಸಿಕೊಂಡಿದ್ದರು. ಲೋಪಸಂಧಿಯಲ್ಲಿ ಸ್ವರವೊಂದು ಲೋಪವಾಗುವುದನ್ನು ಬಲ್ಲವರೆಲ್ಲ ಬಲ್ಲರು. ಅರ್ಧ ಬೇಸಿಗೆಯೇ ಲೋಪವಾದದ್ದು ಬಹುಶಃ ಇದೇ ಮೊದಲು.

ದೊಪ್ಪಮ್ಮನವರು ನಕ್ಕರು, ಪಕ್ಕದ ಕಟ್ಟಡದ ಕಿಟಕಿಗಳು ತೆರೆದವು. ಆಮೇಲೆ ಕೈಮುಗಿದು, “ತಪ್ಪಾಯ್ತು ತಾಯಿ. ಇನ್ಮೇಲೆ ಎತ್ತು ನಾನು, ಗಾಡಿ ಹೊಡೆಯೋಳು ನೀನು. ಆಯ್ತಾ?” ಎಂದರು.

“ಪೂರ್ತಿ ಎತ್ತು?”

“ಪೂರ್ತಿ.”

ಹಾಗೆ ವಾಕರ್ ಗಾಡಿಯಾಯಿತು. ದೊಪ್ಪಮ್ಮನವರು ಕೊರಳಿಗೆ ಗಂಟೆ ಕಟ್ಟಿಕೊಂಡು ಅಂಬೆಗಾಲಿನಲ್ಲಿ ಮುಂದೆ ಹೊರಟು, ಹಲಗೆಯನ್ನು ದಾಟಿ, “ಅಂಬಾ” ಎಂದರು.

“ಅದು ಕರು ಕೂಗೋದು. ಎತ್ತು ಸುಮ್ನೆ ತಲೆ ಆಡಿಸುತ್ತೆ,” ಎಂದು ಗಾಡಿಯವಳು ಗದರಿದಳು.

ಎತ್ತು ಹಲಗೆ ದಾಟಿದ ಮೇಲೆ ಗಾಡಿ ಈಚೆಯೇ ಉಳಿಯುವುದುಂಟೇ? ಅವಳು ವಾಕರನ್ನು ಹಲಗೆಯ ಮೇಲಿಟ್ಟು, ಸೊಂಟ ಓರೆ ಮಾಡಿ, ಹಲ್ಲು ಕಚ್ಚಿ, ಬಲಗಾಲನ್ನು ಎತ್ತಿದಳು. ಅದು ಹಲಗೆಯ ಅಂಚಿಗೆ ತಗುಲಿ ಅವಳು ದೊಪ್ಪನೆ ಬಿದ್ದಳು. ಎತ್ತೂ ಮರ್ಯಾದೆಗೆಂದು ಬಿತ್ತು. ಇಬ್ಬರೂ ಎದ್ದು ಮತ್ತೆ ಗಾಡಿ ಕಟ್ಟಿದರು. ದಿನೇ ದಿನೇ ಕಾಲು ಅಂಚನ್ನು ಸವರಿತು, ಆಮೇಲೆ ದಾಟಿತು.

ಮನೆಯಲ್ಲಿ ದೊಪ್ಪಮ್ಮನವರು ಮಂಡಿಗೆ ಎಣ್ಣೆ ತಿಕ್ಕುತ್ತಾ ಕುಳಿತರೆ, ಬಸ್ ಕಂಡಕ್ಟರಾದ ಪತಿ, “ಇವತ್ಯಾವ ಪ್ರಾಣಿ?” ಎನ್ನುತ್ತಿದ್ದರು.

“ಎತ್ತು ರೀ.”

“ಹೋದ ವಾರ ಕಪ್ಪೆ, ಈ ವಾರ ಎತ್ತು. ಮದುವೆಯಾದಾಗ ಮನುಷ್ಯಳೇ ಅಂತ ಸರಿಯಾಗಿ ನೋಡ್ಕೊಂಡಿದ್ದೆ.”

ಒಳಗಿನಿಂದ ಅತ್ತೆ, “ಊಟಕ್ಕೆ ತಟ್ಟೆ ಇಡ್ಲೋ, ಹುಲ್ಲು ಹಾಕ್ಲೋ?” ಎಂದು ಕೇಳುತ್ತಿದ್ದರು.

ಶಾಲೆ ತೆರೆಯುವ ದಿನ ಬಂದಿತು. ಮೆಟ್ಟಿಲಿನ ಮೇಲೆ ಹೆಡ್‌ಮಿಸ್, ಕೆಳಗೆ ಅಜ್ಜಿಯೂ ದೊಪ್ಪಮ್ಮನವರೂ, ನಡುವೆ ವಾಕರ್ ಹಿಡಿದ ಹುಡುಗಿ. ಕಿಟಕಿಗಳ ತುಂಬ ಮಕ್ಕಳ ಮುಖ. ಇಷ್ಟು ಕಣ್ಣುಗಳನ್ನು ಕಂಡದ್ದೇ ತಡ, ಸ್ನಾಯುಗಳೆಲ್ಲ ಬಿಗಿದು ಹುಡುಗಿ ಕಂಬದಂತೆ ನಿಂತುಬಿಟ್ಟಳು. ಗಾಬರಿಯಲ್ಲಿ ದೊಪ್ಪಮ್ಮನವರ ಬಾಯಿಂದ ಹಳೆಯ ಮಾತೇ ಜಾರಿತು: “ಕಾಲು ಎತ್ತು.”

ಅಜ್ಜಿ ಕಣ್ಣು ಮುಚ್ಚಿದರು.

ಹುಡುಗಿ ಮೆಲ್ಲಗೆ, “ಎತ್ತು ಎಲ್ಲಿ?” ಎಂದಳು.

ದೊಪ್ಪಮ್ಮನವರು ಅಂದು ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಒಂದು ಕ್ಷಣವೂ ಯೋಚಿಸದೆ ಅಂಗಳದಲ್ಲಿ ಮಂಡಿಯೂರಿ, ಕೈಯೂರಿ, ಹೆಡ್‌ಮಿಸ್ ಅವರ ಪಾದಗಳ ಪಕ್ಕದಿಂದಲೇ ಮೆಟ್ಟಿಲೇರಿ ಒಳಹೊಕ್ಕು, ತಿರುಗಿ ನೋಡಿ ಸುಮ್ಮನೆ ತಲೆಯಾಡಿಸಿದರು.

ಹುಡುಗಿ ನಕ್ಕಳು. ನಕ್ಕಾಗ ಹೆಗಲು ಸಡಿಲಿತು, ಸೊಂಟ ಸಡಿಲಿತು. ಗಾಡಿಯನ್ನು ಮೇಲಿಟ್ಟಳು, ಬಲಗಾಲು ಏರಿತು, ಎಡಗಾಲು ಅಂಚನ್ನು ಸವರಿ, ತಡವರಿಸಿ, ಅದೂ ಏರಿತು.

“ಒಳಗೆ ಬಾಮ್ಮ,” ಎಂದರು ಹೆಡ್‌ಮಿಸ್. ತಾವು ಬಾಗಿಲಿನಿಂದ ಬದಿಗೆ ಸರಿದರು.

“ಬರ್ತೀನಿ ಮಿಸ್. ಆದ್ರೆ ನನ್ನ ಎತ್ತಿಗೆ ಮಂಡಿನೋವು. ಇಲ್ಲೊಂದು ಇಳಿಜಾರು ಮಾಡಿಸಿ.”

ಹೆಡ್‌ಮಿಸ್ ಇನ್ನೂ ನೆಲದ ಮೇಲಿದ್ದ ಎತ್ತನ್ನು ನೋಡಿದರು, ಮೆಟ್ಟಿಲನ್ನು ನೋಡಿದರು, ಕೊನೆಗೆ ತಾವೂ ನಕ್ಕರು. ಆ ತಿಂಗಳೇ ಗಾರೆಯವರು ಬಂದು ಇಳಿಜಾರು ಕಟ್ಟಿದರು. ಕಾಲು ದಣಿದ ದಿನ ಹುಡುಗಿ ಅದರ ಮೇಲೆ ಬರುತ್ತಾಳೆ, ಅಜ್ಜಿ ಸೊಂಟಕ್ಕೆ ಕೈಯಿಟ್ಟು ಬರಿಗೈಯಲ್ಲಿ ಹಿಂದೆ ಬರುತ್ತಾರೆ. ಮಕ್ಕಳು ಅದಕ್ಕೆ ಎತ್ತಿನ ದಾರಿ ಎನ್ನುತ್ತಾರೆ.

ಆ ದೊಪ್ಪಮ್ಮನವರ ಮಂಡಿಗಳು ಬಹುಕಾಲ ನೋವಿಲ್ಲದೆ ಮಡಚಿಕೊಳ್ಳಲಿ. ಅವರು ಬಿದ್ದಲ್ಲೆಲ್ಲ ಮೆತ್ತನೆಯ ಚಾಪೆಯಿರಲಿ. ಪತಿಯ ಪರಿಹಾಸ್ಯವೂ ಅತ್ತೆಯ ಹುಲ್ಲೂ ಆ ಮನೆಯಲ್ಲಿ ಎಂದೂ ಬತ್ತದಿರಲಿ. ಭಗವಂತನು ಆ ಮನೆತನವನ್ನು ಸದಾ ಎತ್ತಿ ಹಿಡಿಯಲಿ. ಎತ್ತಲ್ಲ ಎಂದು ಅವನು ಎಂದೂ ಅನ್ನದಿರಲಿ.