ತಕರಾರಿಲ್ಲದ ಮಷೀನು

ಜೆರಾಕ್ಸ್ ಮಷೀನಿನ ಕರಿಪುಡಿ ಸೀರೆಯ ಸೆರಗಿಗೆ ತಾಗಿದರೆ ಅದನ್ನು ಬಿಸಿನೀರಿನಲ್ಲಿ ತೊಳೆಯಬಾರದೆಂಬ ಸಂಗತಿ ನಿಮಗೆ ಗೊತ್ತಿದೆಯೋ ಇಲ್ಲವೋ, ನನಗಂತೂ ಗೊತ್ತಿರಲಿಲ್ಲ. ಸಕಲ ಕಲೆಗಳಿಗೂ ಕುದಿನೀರೇ ಮದ್ದೆಂದು ನಂಬಿದ ಮನೆತನದ ಹೆಣ್ಣುಮಗಳು ನಾನು. ಮುಂಬಯಿಯ ಪವಾಯಿಯಲ್ಲಿರುವ ಆಫೀಸಿನಿಂದ ಮುಲುಂಡಿನ ಮನೆಗೆ ಬಂದವಳೇ ಧಾರವಾಡದಿಂದ ತಂದಿದ್ದ ಕಾಟನ್ ಸೀರೆಯ ಸೆರಗನ್ನು ಒಂದು ಬೋಗುಣಿ ಬಿಸಿನೀರಿನಲ್ಲಿ ಅದ್ದಿಬಿಟ್ಟೆ. ಪುಡಿ ಕರಗಿ, ನೂಲಿನ ಎಳೆ ಎಳೆಗೂ ಇಳಿದು, ಅಲ್ಲೇ ಠಿಕಾಣಿ ಹೂಡಿತು. ಮರುದಿನ ಮಷೀನು ನೋಡಲು ಬಂದ ಮಲ್ಲಪ್ಪನವರ ಮುಂದೆ ಈ ಗೋಳನ್ನು ತೋಡಿಕೊಂಡಾಗ ಅವರು ಹಣೆ ಹಣೆ ಬಡಿದುಕೊಂಡರು.

"ಅಕ್ಕಾರ, ಆ ಪುಡಿ ಕಾಗದಕ್ಕ ಹತ್ತೂದ ಕಾವಿನಿಂದ. ನೀವು ಮನ್ಯಾಗ ಸೀರಿ ಮ್ಯಾಲ ಜೆರಾಕ್ಸ್ ಹೊಡದ್ರಲ್ಲ! ಒಣಾದು ಇದ್ದಾಗ ಝಾಡಿಸಿ ತಣ್ಣೀರಾಗ ಹಿಂಡಬೇಕಿತ್ರಿ."

ಮಲ್ಲಪ್ಪನವರು ನಮ್ಮ ಮಷೀನನ್ನು ದುರಸ್ತಿ ಮಾಡಲು ಬರುತ್ತಿದ್ದ ಕಂಪನಿಯ ಮನುಷ್ಯರು. ಅವರ ಕಾರ್ಡಿನಲ್ಲಿ ಸರ್ವೀಸ್ ಇಂಜಿನಿಯರ್ ಎಂದಿತ್ತು, ಆಫೀಸಿನವರ ಬಾಯಲ್ಲಿ ಬರೀ ಮಷೀನ್‌ವಾಲಾ. ವಿಜಯಪುರ ಜಿಲ್ಲೆಯ ಇಂಡಿ ಎಂಬ ಊರಿನ ಕಡೆಯವರು. ನಾನು ಆಫೀಸಿನ ಕಾಗದಪತ್ರ, ಪೆನ್ನು ಪಿನ್ನು, ಚಹಾಪುಡಿಯಿಂದ ಹಿಡಿದು ಜೆರಾಕ್ಸ್ ಮಷೀನಿನವರೆಗೆ ಎಲ್ಲದರ ಉಸ್ತುವಾರಿ ಹೊತ್ತವಳಾದ್ದರಿಂದ, ಮಷೀನು ಮುನಿಸಿಕೊಂಡಾಗಲೆಲ್ಲ ಅವರಿಗೆ ಫೋನು ಮಾಡುವ ಹಕ್ಕು ನನ್ನದಾಗಿತ್ತು. ಹಕ್ಕು ಎಂಬ ಮಾತನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ನಮ್ಮ ಯಜಮಾನರದು ಬೆಳಗಾವಿಯ ಮರಾಠಿ ಮನೆತನ. ಮನೆಯಲ್ಲಿ ಅಡುಗೆಯೂ ಮರಾಠಿ, ಜಗಳವೂ ಮರಾಠಿ. ಮಗಳಿಗೆ ನನ್ನ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಹಿಂದಿಯಲ್ಲಿ ಬರುತ್ತದೆ. ಅವ್ವ ಇರುವ ತನಕ ದಿನಾ ಸಂಜೆ ಫೋನಿನಲ್ಲಿ ಬಾಯಿತುಂಬ ಮಾತಾಡುತ್ತಿದ್ದೆ. ಅವ್ವ ಹೋದ ಮೇಲೆ ಕನ್ನಡವೆಂಬುದು ನನ್ನ ಪಾಲಿಗೆ ನನ್ನೊಳಗೇ ಗೊಣಗಿಕೊಳ್ಳುವ ಭಾಷೆಯಾಗಿ ಉಳಿಯಿತು. ಅಂಥ ಹೊತ್ತಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಲಿಫ್ಟಿನಿಂದ ಹೊರಬಿದ್ದು "ಆರಾಮ ಅದೀರೇನ್ರಿ" ಎಂದರೆ, ಜೀವ ಹೇಗೆ ಅರಳುತ್ತದೆಂದು ದೂರದ ಊರಿನಲ್ಲಿ ಬಾಳಿದ ಯಾರನ್ನಾದರೂ ಕೇಳಿ ನೋಡಿ.

ಅವರ ಕೆಲಸದ ರೀತಿಯೇ ಬೇರೆ. ಬೇರೆ ರಿಪೇರಿಯವರು ಯಂತ್ರದ ಬಾಗಿಲು ತೆರೆದ ಕೂಡಲೇ ನಮಗೆ ಬೆನ್ನು ತಿರುಗಿಸಿ, ಏನೋ ಗುಟ್ಟಿನ ಪೂಜೆ ನಡೆಸಿದಂತೆ ನಡೆಸಿ, ಬಾಗಿಲು ಮುಚ್ಚಿ ಸಹಿ ಕೇಳುತ್ತಾರೆ. ಮಲ್ಲಪ್ಪನವರು ಹಾಗಲ್ಲ. "ಬರ್ರಿ ಅಕ್ಕಾರ, ನೀವೂ ನೋಡ್ರಿ" ಎಂದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವರು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಟ್ರೇಗೆ ಇಡುವ ಮೊದಲು ಕಟ್ಟನ್ನು ಬಿಡಿಸಿ ಗಾಳಿಯಾಡಿಸಬೇಕು. ಕಾಗದವನ್ನು ಎಳೆದುಕೊಳ್ಳುವ ರಬ್ಬರಿನ ಉರುಳೆ ನುಣುಪಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಮತ್ತೆ ಹಿಡಿತ ಬರುತ್ತದೆ. ಸಿಕ್ಕಿಕೊಂಡ ಹಾಳೆಯನ್ನು ಅದು ಹೋಗುತ್ತಿದ್ದ ದಿಕ್ಕಿಗೇ ಎಳೆಯಬೇಕು, ಇಲ್ಲದಿದ್ದರೆ ಹರಿದ ಚೂರೊಂದು ಒಳಗೇ ಉಳಿದು ದಿನವಿಡೀ ಕಾಡುತ್ತದೆ. ಒಮ್ಮೆ ಎಲ್ಲ ಪ್ರತಿಗಳ ಮೇಲೂ ತಲೆಯಿಂದ ಕಾಲಿನವರೆಗೆ ಒಂದು ಕರಿಗೆರೆ ಬರತೊಡಗಿದಾಗ, ಮಷೀನಿನ ಆಯುಷ್ಯ ಮುಗಿಯಿತೆಂದು ಆಫೀಸೆಲ್ಲ ಮಾತಾಡಿಕೊಂಡಿತು. ಅವರು ದೊಡ್ಡ ಗಾಜಿನ ಪಕ್ಕದಲ್ಲಿರುವ ಬೆರಳಗಲದ ಗಾಜಿನ ಪಟ್ಟಿಯನ್ನು ತೋರಿಸಿ, "ಹುಡುಕ್ರಿ" ಎಂದು ಕೈಕಟ್ಟಿ ನಿಂತರು. ಕಣ್ಣು ಕಿರಿದು ಮಾಡಿ ನೋಡಿದೆ: ಯಾರೋ ತಪ್ಪಕ್ಷರ ತಿದ್ದಲು ಹಚ್ಚಿದ ಬಿಳಿಬಣ್ಣದ ಒಂದು ಚುಕ್ಕೆ, ಸಾಸಿವೆಯ ಕಾಲುಭಾಗ. ಉಗುರಿನಿಂದ ಕೆರೆದೆ, ಗೆರೆ ಹೋಯಿತು. "ಶಾಬ್ಬಾಸ್ ಅಕ್ಕಾರ!" ಎಂದರು. ಆ ಶಾಬ್ಬಾಸಿಗೆ ನಾನು ಪೂರಿಯಂತೆ ಉಬ್ಬಿದೆ.

ಪಾಠದ ನಡುವೆ ಚಹಾ ಬರುತ್ತಿತ್ತು. ಚಹಾದ ಜೊತೆಗೆ ಇಂಡಿಯ ನಿಂಬೆಕಾಯಿ, ನಮ್ಮವ್ವ ಮಾಡುತ್ತಿದ್ದ ಉಪ್ಪಿನಕಾಯಿ, ಲೋಕಲ್ ರೈಲಿನ ನೂಕುನುಗ್ಗಲು, ಅವರ ಹೆಂಡತಿಯ ಮಂಡಿನೋವು, ನಮ್ಮತ್ತೆಯ ಬಿಗುಮಾನ, ಎಲ್ಲವೂ ಬರುತ್ತಿದ್ದವು. ಅವರ ಕಂಪನಿಯ ಜೊತೆಗಾರರು ಬೈಯುತ್ತಿದ್ದರಂತೆ, ಗಿರಾಕಿಗೆ ಕೆಲಸ ಕಲಿಸಿದರೆ ನಾಳೆ ನಿನ್ನನ್ನು ಯಾರು ಕರೆಯುತ್ತಾರೆ ಎಂದು. "ಕರೀಲಿಲ್ಲಂದ್ರ ಮಷೀನ ಛಲೋ ನಡದದ ಅಂತ ತಿಳಕೋತೀನಿ. ಅದಕ್ಕಿಂತ ಇನ್ನೇನ ಬೇಕ್ರಿ ನಮಗ?" ಎಂದು ಅವರು ನಗುತ್ತಿದ್ದರು. ಜೊತೆಗಾರರು ಕಂಡದ್ದನ್ನು ಅವರು ಕಾಣಲಿಲ್ಲ. ನಾನೂ ಕಾಣಲಿಲ್ಲವೆಂದರೆ ಅರ್ಧ ಸುಳ್ಳಾದೀತು.

ಏಕೆಂದರೆ, ನಾನು ಒಂದೊಂದು ವಿದ್ಯೆ ಕಲಿತಾಗಲೂ ಅವರು ಬರುವ ಒಂದೊಂದು ಕಾರಣ ಕಡಿಮೆಯಾಗುತ್ತಿತ್ತು. ಇದು ನನಗೆ ತಿಳಿಯುತ್ತಿತ್ತು, ಒಳಗೊಳಗೇ ಚುಚ್ಚುತ್ತಲೂ ಇತ್ತು. ಆದರೆ ಮೇಲಿನ ಮಹಡಿಯಿಂದಲೂ ಜನ ಬಂದು "ಮೇಡಂ, ಜರಾ ದೇಖಿಯೇ ನಾ" ಎಂದು ಕರೆದೊಯ್ಯುವಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಲ್ಕು ಬಾಗಿಲು ತೆರೆದು ಒಂದು ಸ್ಟೇಪಲ್ ಪಿನ್ನನ್ನು ಹೊರಗೆಳೆದು ಎಲ್ಲರಿಗೂ ತೋರಿಸುವಾಗ ಸಿಗುವ ಸುಖವೇ ಬೇರೆ. ಫೋನು ಮಾಡೋಣವೇ ಎಂದು ಒಂದು ಮನಸ್ಸು, ನಾನೇ ಮಾಡುತ್ತೇನೆಂದು ಇನ್ನೊಂದು ಮನಸ್ಸು. ಗೆಲ್ಲುತ್ತಿದ್ದುದು ಯಾವಾಗಲೂ ಎರಡನೆಯದೇ. ವಾರಕ್ಕೊಮ್ಮೆ ಎಂಬಂತೆ ಬರುತ್ತಿದ್ದ ಮಲ್ಲಪ್ಪನವರು ತಿಂಗಳಿಗೊಮ್ಮೆ ಬಂದರು, ಆಮೇಲೆ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಎನ್ನುವಂತಾಯಿತು.

ಹೀಗಿರುವಾಗ ನಮ್ಮ ಆಡಳಿತ ವಿಭಾಗಕ್ಕೆ ಹೊಸ ಮೇಲಧಿಕಾರಿಯೊಬ್ಬರು ಬಂದರು. ಒಳ್ಳೆಯ ಹೆಂಗಸು, ಮೆತ್ತನೆಯ ಮಾತು. ವರ್ಷದ ಸರ್ವೀಸ್ ಕರಾರುಗಳನ್ನೆಲ್ಲ ನೋಡುತ್ತ ಕೂತಿದ್ದವರು ನನ್ನನ್ನು ಕರೆಸಿ, ಜೆರಾಕ್ಸ್ ಮಷೀನಿನವನು ಕೆಲಸ ಸರಿಯಾಗಿ ಮಾಡುತ್ತಾನೆಯೇ ಎಂದು ಹಿಂದಿಯಲ್ಲಿ ಕೇಳಿದರು. ಮಲ್ಲಪ್ಪನವರನ್ನು ಹೊಗಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೇ? ನನ್ನ ಹಿಂದಿ ಅಂದು ಗಂಗೆಯಂತೆ ಹರಿಯಿತು. ಅಂಥ ಮನುಷ್ಯ ಈ ಮುಂಬಯಿಯಲ್ಲೇ ಸಿಗುವುದಿಲ್ಲ ಮೇಡಂ, ಅವರು ನನಗೆ ಎಷ್ಟು ಚೆನ್ನಾಗಿ ಕಲಿಸಿದ್ದಾರೆಂದರೆ ಈಗ ಅವರು ಬರಬೇಕಾಗಿಯೇ ಇಲ್ಲ, ಎಲ್ಲವನ್ನೂ ನಾನೇ ಮಾಡುತ್ತೇನೆ, ಎಂದೆ.

ಮೇಲಧಿಕಾರಿ ಮುಗುಳ್ನಕ್ಕರು. ಹಾಗಾದರೆ ಈ ಕರಾರು ನಮಗೇಕೆ ಬೇಕು, ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲ ಮೇಡಂ, ದೊಡ್ಡ ತೊಂದರೆ ಬಂದರೆ ಅವರೇ ಬೇಕು, ಒಳಗಿನ ಭಾಗಗಳಿಗೆ ಕೈ ಹಾಕಲು ನನಗೆ ಬರುವುದಿಲ್ಲ ಎಂದೆಲ್ಲ ತೇಪೆ ಹಚ್ಚಲು ನೋಡಿದೆ. ಅಂಥದ್ದು ಬಂದಾಗ ಯಾರನ್ನಾದರೂ ಕರೆಸಿದರಾಯಿತು ಎಂದು ಅವರು ಮುಂದಿನ ಕಾಗದಕ್ಕೆ ಕೈ ಹಾಕಿದರು. ಅವರ ಲೆಕ್ಕದಲ್ಲಿ ಅವರದು ಸರಿಯೇ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಬಾರದು, ಅದೇ ದೊಡ್ಡ ಸಂಕಟ.

ಅಂದಿನಿಂದ ನಾನು ಲೋಕದ ಈ ಒಂದು ವಿಚಿತ್ರವನ್ನು ಕುರಿತು ತುಂಬ ಯೋಚಿಸಿದ್ದೇನೆ. ನಮ್ಮ ಮುಲುಂಡಿನ ಬಿಲ್ಡಿಂಗಿನಲ್ಲಿ ನೀರಿನ ಪಂಪು ರಿಪೇರಿ ಮಾಡುವವನೊಬ್ಬನಿದ್ದಾನೆ. ಅವನು ಮುಟ್ಟಿದ ಪಂಪು ಮುಂದಿನ ವಾರಕ್ಕೇ ಕೆಡುತ್ತದೆ. ಹಾಗೆಂದೇ ಅವನು ಸದಾ ಮೆಟ್ಟಿಲ ಬಳಿ ಕಾಣುತ್ತಿರುತ್ತಾನೆ, ಎಲ್ಲರೂ ಅವನ ಹೆಸರು ಬಲ್ಲರು, ಪಾಪ ಎಷ್ಟು ದುಡಿಯುತ್ತಾನೆಂದು ದೀಪಾವಳಿಗೆ ಮಿಠಾಯಿ ಡಬ್ಬಿ ಕೊಡುತ್ತಾರೆ. ಕೆಟ್ಟ ಕೆಲಸಕ್ಕೆ ನೂರು ಸಾಕ್ಷಿ. ಒಳ್ಳೆಯ ಕೆಲಸ ಮುಗಿದ ಮೇಲೆ ಅದು ನಡೆದಿತ್ತೆಂಬುದಕ್ಕೇ ಗುರುತಿರುವುದಿಲ್ಲ. ಹೊತ್ತಿಗೆ ಸರಿಯಾಗಿ ತಾಟಿಗೆ ಬರುವ ರೊಟ್ಟಿಯನ್ನು ಯಾರು ನೆನೆಯುತ್ತಾರೆ ಹೇಳಿ? ಸೀದ ರೊಟ್ಟಿಯ ಸುದ್ದಿಯಾದರೆ ವರ್ಷಗಟ್ಟಲೆ ನಡೆಯುತ್ತದೆ. ಅವ್ವನೂ ಹೀಗೆಯೇ ಏನನ್ನೂ ಕೆಡಗೊಡದೆ ಮನೆ ನಡೆಸಿದಳು, ಅವಳು ಏನು ಮಾಡುತ್ತಿದ್ದಳೆಂಬುದು ಅವಳು ಹೋದ ಮೇಲೆ ನಮಗೆ ತಿಳಿಯಿತು.

ಕರಾರು ಮುಗಿಯುವ ವಾರ ಮಲ್ಲಪ್ಪನವರು ಕೊನೆಯ ಸಲ ಬಂದರು. ನಾನೇ ಎಲ್ಲವನ್ನೂ ಹೇಳಿದೆ, ನಾನು ಆಡಿದ ಮಾತನ್ನೂ ಬಿಡದೆ. ಅವರು ಗಾಜನ್ನು ಒರೆಸುತ್ತಲೇ ಕೇಳಿಸಿಕೊಂಡರು.

"ಖರೇನ ಹೇಳೀರಲ್ರಿ. ನಾ ಕಲಿಸಿದ್ದಕ್ಕ ಹೆಸರ ತಂದ್ರಿ ನೀವು."

"ಒಂದಿಷ್ಟು ಸುಳ್ಳ ತಕರಾರಾದ್ರೂ ಬರಸಬೇಕಿತ್ತು ನಾನು," ಎಂದೆ.

"ಛೇ! ಹಂಗ ಮಾಡಿದ್ರ ನಿಮ್ಮ ಮ್ಯಾಲ ಸಿಟ್ಟಿಗೆ ಏಳತಿದ್ದೆ ನೋಡ್ರಿ."

ಪವಾಯಿಯ ಕಡೆ ಅವರಿಗಿದ್ದ ಆಫೀಸುಗಳು ಒಂದೊಂದಾಗಿ ಕಳಚಿಕೊಂಡಿದ್ದವು; ನಮ್ಮದು ಕೊನೆಯದು. ಕಂಪನಿ ಅವರನ್ನು ಧಾರಾವಿಯಲ್ಲಿರುವ ತನ್ನ ಗೋದಾಮಿಗೆ ಹಾಕಿತ್ತು. ಅಲ್ಲಿ ಹಳೆಯ ಮಷೀನುಗಳನ್ನು ಬಿಚ್ಚಿ ನಡೆಯುವ ಭಾಗಗಳನ್ನು ಆರಿಸಿಡುವ ಕೆಲಸ. ಸಂಬಳಕ್ಕೆ ಬಾಧಕವಿಲ್ಲ ಎಂದರು. ಆದರೆ ಚಹಾ ಕುಡಿದು ಲೋಟ ಕೆಳಗಿಟ್ಟು, "ಅಲ್ಲೆ ಮಂದಿ ಬರೂದಿಲ್ರಿ ಅಕ್ಕಾರ. ಕಲಿಸೂದು ಯಾರಿಗೆ?" ಎಂದರು. ಅವರ ಬಾಯಿಂದ ನಾನು ಕೇಳಿದ ತಕರಾರು ಅದೊಂದೇ.

ಅವರು ಹೋಗಿ ಎರಡು ಮಳೆಗಾಲ ಕಳೆದವು. ಅವರ ನಂಬರು ನನ್ನ ಮೊಬೈಲಿನಲ್ಲಿದೆ, ಎಷ್ಟೋ ಸಲ ಬೆರಳು ಅದರ ಮೇಲೆ ನಿಂತು ಹಿಂದೆ ಸರಿದಿದೆ. ಈ ಊರಿನಲ್ಲಿ ಕೆಲಸವಿಲ್ಲದೆ ಯಾರಿಗಾದರೂ ಫೋನು ಮಾಡುವುದು ಅಷ್ಟು ಸುಲಭವಲ್ಲ, ಅದೂ ಹೆಂಗಸಾದವಳಿಗೆ. ಕೊನೆಗೆ ಮೊನ್ನೆ ಮಧ್ಯಾಹ್ನ ಮಷೀನಿನ ಪಕ್ಕದಲ್ಲೇ ನಿಂತು, ಏನೇನು ಮಾತಾಡಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡು, ಧೈರ್ಯ ಮಾಡಿ ಒತ್ತಿದೆ. ಆ ಕಡೆಯಿಂದ ಸುತ್ತಿಗೆಯ ಸಪ್ಪಳ, ಅದರ ಮೇಲೆ ಅವರ ದನಿ.

"ಏನಾಗ್ಯದ್ರಿ ಅಕ್ಕಾರ? ಕಾಗದ ಸಿಕ್ಕೊಂಡದೇನು? ಗೆರಿ ಬರ್ಲಾಕತ್ತದೇನು?"

ಎಷ್ಟು ಆಸೆಯಿಂದ ಕೇಳಿದರೆಂದರೆ, ನನಗೆ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಏನೂ ಆಗಿಲ್ರಿ," ಎಂದೆ. "ಛಲೋ ನಡದೈತಿ."

ಸುತ್ತಿಗೆಯ ಸಪ್ಪಳ ಸ್ವಲ್ಪ ಹೊತ್ತು ಕೇಳಿಸಿತು. ಏನಾದರೊಂದು ಕೆಡದೆ ನಾವು ಎಂದೂ ಮಾತು ಶುರುಮಾಡಿದವರಲ್ಲ.

"ಛಲೋ ಆತಲ್ರಿ ಮತ್ತ," ಎಂದರು. ಆಮೇಲೆ ಮೆಲ್ಲಗೆ, "ಹಂಗಾರ ಫೋನ ಇಡ್ಲೇನ್ರಿ?"

"ಇಡ್ರಿ," ಎಂದೆ.