ಬಂದೂಕಿನ ಆಟ ತಿದ್ದಿದ ಬೇಸಿಗೆ

ಬೈಲಹೊಂಗಲದ ಪೇಟೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನೊಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಬೆಳಗ್ಗೆ ಕಾಲೇಜು ಹುಡುಗಿಯರಿಗೆ ಟೈಪಿಂಗ್, ಅಂಗಡಿ ಗುಮಾಸ್ತರಿಗೆ ಲೆಕ್ಕಪತ್ರ ಕಲಿಸುವುದು. ಸಂಜೆಯಾದರೆ ಅದೇ ಕಂಪ್ಯೂಟರ್‌ಗಳ ಮುಂದೆ ಬೇರೆಯೇ ಜನ ಬಂದು ಕೂರುತ್ತಿದ್ದರು. ಎಲ್ಲ ಯಂತ್ರಗಳನ್ನೂ ವೈರಿನಿಂದ ಜೋಡಿಸಿದ್ದೆವು. ಎರಡು ತಂಡ ಮಾಡಿಕೊಂಡು, ಪರದೆಯ ಮೇಲೆ ಒಬ್ಬರನ್ನೊಬ್ಬರು ಹುಡುಕಿ ಗುಂಡು ಹಾರಿಸುವ ಆಟ. ಕೆಳಗಿನ ಅಂಗಡಿಯವರು ಆಗಾಗ ಛಾವಣಿಗೆ ಬಡಿಗೆಯಿಂದ ಕುಟ್ಟಿ, "ಸಾವಕಾಶ ಹೊಡದಾಡ್ರಿ" ಅನ್ನುತ್ತಿದ್ದರು.

ಈ ಆಟದಲ್ಲಿ ನನ್ನ ತಮ್ಮನನ್ನು ಸೋಲಿಸಿದವರು ಊರಲ್ಲಿ ಯಾರೂ ಇರಲಿಲ್ಲ. ಕೇಂದ್ರದ ರಿಪೇರಿ ಕೆಲಸ ನೋಡಿಕೊಳ್ಳುತ್ತಿದ್ದವನು ಅವನೇ. ಮೂಲೆಯ ಕುರ್ಚಿ ಅವನಿಗೆ ಖಾಯಂ. ಆದರೆ ಆ ಬೇಸಿಗೆಯ ಹೊತ್ತಿಗೆ ಆಡಲು ಬರುವವರು ಕಡಿಮೆಯಾಗುತ್ತಾ ಬಂದರು. ಪರೀಕ್ಷೆ ಇರಬೇಕು ಅಂದುಕೊಂಡೆ. ಪರೀಕ್ಷೆ ಮುಗಿದರೂ ಬರಲಿಲ್ಲ.

ಕಾರಣ ತಿಳಿದದ್ದು ರಾಮದುರ್ಗದಿಂದ ಒಬ್ಬರು ಬಂದಾಗ. ಸೀರೆ ವ್ಯಾಪಾರದವರು, ಎತ್ತರದ ಆಳು, ಮೆಲುದನಿ. ತಮ್ಮನ ಹೆಸರು ಕೇಳಿ ಆಡಲೆಂದೇ ಬಂದಿದ್ದರು. ಆಡಿದ ಪ್ರತಿ ಆಟವನ್ನೂ ಸೋತರು. ಹೆಡ್‌ಫೋನ್ ಇಳಿಸಿ ನನ್ನ ಕಡೆ ತಿರುಗಿ, "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಾ ನಿಮ್ಮ ತಮ್ಮಗ ಸೋತಿಲ್ರಿ. ಆ ಕುರ್ಚಿಗಿ ಸೋತೇನಿ" ಅಂದರು.

"ಹಂಗಂದ್ರ?" ತಮ್ಮ ದಡಕ್ಕನೆ ಎದ್ದ.

"ನೀವು ಇಲ್ಲಿ ಕುಂದರ್ರಿ, ನಾ ಅಲ್ಲಿ ಕುಂದರತೇನಿ. ಆಮ್ಯಾಲೆ ನೋಡೂಣು."

ಕುರ್ಚಿ ಬದಲಾಯಿತು. ತಮ್ಮ ಸೋತ. ಮತ್ತೆ ಆಡಿದ, ಮತ್ತೆ ಸೋತ. ಅವನ ಕಿವಿ ಕೆಂಪಾದದ್ದು ನನಗೆ ದೂರದಿಂದಲೇ ಕಂಡಿತು.

ಅವರು ಹೇಳಿದ್ದು ನಿಜ. ಇಡೀ ಆಟವನ್ನು ನಡೆಸುವ ಸರ್ವರ್ ಆ ಮೂಲೆಯ ಕಂಪ್ಯೂಟರಿನಲ್ಲೇ ಇತ್ತು. ಅಲ್ಲಿ ಕೂತವನ ಗುಂಡು ಮೊದಲು ತಲುಪುತ್ತಿತ್ತು, ಉಳಿದವರದ್ದು ಕಣ್ಣುರೆಪ್ಪೆ ಬಡಿಯುವಷ್ಟು ತಡವಾಗಿ. ಜೊತೆಗೆ ಆಟದಲ್ಲಿ ನನ್ನ ತಮ್ಮ ಮೆಚ್ಚಿದ ಬಂದೂಕು ಗುರಿ ಕೇಳುವಂಥದ್ದೇ ಅಲ್ಲ. ಗುಂಡಿ ಒತ್ತಿ ಹಿಡಿದರೆ ಗುಂಡುಗಳು ಜೋಳ ಚೆಲ್ಲಿದ ಹಾಗೆ ಹರಡುತ್ತಿದ್ದವು. ಯಾವುದೋ ಒಂದು ಯಾರಿಗೋ ತಾಗುತ್ತಿತ್ತು.

"ಮುಂದಿನ ತಿಂಗಳು ನಮ್ಮ ತಂಡದ ಐದೂ ಮಂದಿ ಬರತೇವ್ರಿ," ಹೊರಡುವಾಗ ಅವರು ಅಂದರು. "ಗೆದ್ದಾಂವ ಯಾಕ ಗೆದ್ದ ಅಂತ ಗೊತ್ತಾಗೂ ಹಂಗ ಮಾಡಿ ಇಡ್ರಿ."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆ ಆಟ ಮಾಡಿದವರು ಅದರ ಒಳಗಿನ ಲೆಕ್ಕಗಳನ್ನು ಬದಲಿಸಲು, ಹೊಸ ಜಾಗಗಳನ್ನು ಕಟ್ಟಿಕೊಳ್ಳಲು ದಾರಿ ಬಿಟ್ಟಿದ್ದರು. ನಾನು ಡಿಪ್ಲೊಮಾದಲ್ಲಿ ಕಲಿತ ಪ್ರೋಗ್ರಾಮಿಂಗ್ ಅಲ್ಲಿಯತನಕ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಸರ್ವರನ್ನು ಯಾರೂ ಕೂರದ ಒಂದು ಹಳೆಯ ಯಂತ್ರಕ್ಕೆ ಸಾಗಿಸಿದೆ. ಎಲ್ಲರಿಗೂ ಒಂದೇ ಥರದ ಮೌಸ್ ತಂದಿಟ್ಟೆ. ಆಮೇಲೆ ಬಂದೂಕಿಗೆ ಕೈ ಹಾಕಿದೆ. ಗುಂಡು ಮನಬಂದಂತೆ ಚೆದುರುವುದನ್ನು ತೆಗೆದು, ಪ್ರತಿ ಸಲವೂ ಒಂದೇ ದಾರಿಯಲ್ಲಿ ಎಗರುವ ಹಾಗೆ ಮಾಡಿದೆ: ಮೊದಲು ನೇರ ಮೇಲಕ್ಕೆ, ಆಮೇಲೆ ಬಲಕ್ಕೆ. ಮೌಸನ್ನು ಅದಕ್ಕೆ ಎದುರು ದಿಕ್ಕಿಗೆ ಎಳೆದರೆ ಗುರಿ ನಿಲ್ಲುತ್ತಿತ್ತು. ಅದೃಷ್ಟವನ್ನು ಯಾರೂ ಅಭ್ಯಾಸ ಮಾಡಲಾರರು, ಇದನ್ನು ಮಾಡಬಹುದು.

ಜಾಗಕ್ಕಾಗಿ ತಮ್ಮನನ್ನು ಕರೆದುಕೊಂಡು ಕಿತ್ತೂರಿಗೆ ಹೋದೆ. ಕೋಟೆಯೊಳಗಿನ ಅರಮನೆಗೆ ಛಾವಣಿ ಇಲ್ಲ, ಅರ್ಧ ಗೋಡೆಗಳು, ನೀರಿನ ತೊಟ್ಟಿಗಳು. ಅಡಗಲು ಓಡಲು ಹೇಳಿ ಮಾಡಿಸಿದ ಹಾಗಿತ್ತು. ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಮಾಡಿದ ಕಿಂಡಿಗೆ ಕಣ್ಣಿಟ್ಟು ತಮ್ಮ ಕುಣಿದ. "ಅಕ್ಕಾ, ಇಲ್ಲಿ ಕುಂತ್ರ ಎಲ್ಲಾರ್ನೂ ಹೊಡೀಬೌದು!"

ಆಟದೊಳಗಿನ ಕೋಟೆಯ ನಕ್ಷೆ ಬರೆಯಲು ಅವನು ಮನಸಾರೆ ನೆರವಾದ. ಆದರೆ ಕಿಂಡಿಯ ಕೋಣೆಗೆ ನಾನು ಹಿಂದಿನಿಂದೊಂದು ಮೆಟ್ಟಿಲು ಕಟ್ಟಿದ್ದನ್ನೂ, ಬಂದೂಕು ಬದಲಾಗಿದ್ದನ್ನೂ ನೋಡಿದಾಗ ಮುಖ ಬಿದ್ದುಹೋಯಿತು.

"ಅವರ ಮಾತ ಕೇಳಿ ನನ್ನ ಕೈ ಕಟ್ಟಿದಿ."

"ಕೈ ಕಟ್ಟಿಲ್ಲೋ. ಇನ್ಮ್ಯಾಲೆ ಕೈಗೇ ಕೆಲಸ."

ಅವನು ಮೆಟ್ಟಿಲಿಳಿದು ಹೋದ. ಸಂಜೆ ಆಡಲು ಬರುವುದನ್ನೇ ಬಿಟ್ಟ. ಮನೆಯಲ್ಲಿ ರೊಟ್ಟಿ ತಟ್ಟೆ ಮುಂದಿಟ್ಟರೂ ನನ್ನ ಮುಖ ನೋಡುತ್ತಿರಲಿಲ್ಲ. ಆಟ ಸರಿ ಮಾಡಲು ಹೋಗಿ ತಮ್ಮನನ್ನು ಕಳೆದುಕೊಂಡೆನೇ ಅನ್ನಿಸಿತು.

ಒಂದು ಬೆಳಗ್ಗೆ ತರಗತಿಗೆ ಮುಂಚೆ ಬಾಗಿಲು ತೆರೆದರೆ ಅವನು ಒಳಗಿದ್ದ. ಆಟದೊಳಗಿನ ಒಂದು ಖಾಲಿ ಗೋಡೆಗೆ ಗುಂಡು ಹೊಡೆಯುತ್ತಿದ್ದ. ಹೊಡೆಯುವುದು, ಗೋಡೆಯ ಮೇಲಿನ ಕಲೆಗಳನ್ನು ನೋಡುವುದು, ಮೌಸನ್ನು ಇನ್ನಷ್ಟು ಕೆಳಗೆಳೆದು ಮತ್ತೆ ಹೊಡೆಯುವುದು. ಮೊದಲು ಗೋಡೆ ತುಂಬ ಇದ್ದ ಕಲೆಗಳು ಈಗ ಒಂದು ತಟ್ಟೆಯಷ್ಟು ಜಾಗಕ್ಕೆ ಬಂದಿದ್ದವು. ನಾನು ಸದ್ದಿಲ್ಲದೆ ಮೆಟ್ಟಿಲ ಮೇಲೆ ಬಂದು ಕೂತೆ. ಎಷ್ಟೋ ದಿನದ ಮೇಲೆ ಉಸಿರು ಸರಾಗವಾಗಿ ಬಂತು.

ರಾಮದುರ್ಗದವರು ಬರುವ ದಿನ ಸವದತ್ತಿ ಮೇಲಿಂದ ಬರುವ ಬಸ್ಸು ಮನೋಳಿ ಹತ್ತಿರ ಪಂಕ್ಚರ್ ಆಗಿ ತಡವಾಯಿತು. ಅಷ್ಟರಲ್ಲಿ ನಮ್ಮ ಮಹಡಿ ತುಂಬಿಹೋಗಿತ್ತು. ಆಡುವವರಿಗಿಂತ ನೋಡುವವರೇ ಹೆಚ್ಚು. ಸೋತವರು ಜಗಳಕ್ಕೆ ನಿಂತರೆ ಏನು ಗತಿ ಎಂದು ನನಗೆ ಚಿಂತೆ. ಆಟ ಶುರುವಾಗುವ ಮೊದಲು, ಯಾರು ಎಲ್ಲಿ ಕೂರಬೇಕೆಂದು ಚೀಟಿ ಎತ್ತಿಸಿದೆ. ಯಾರೂ ತಕರಾರು ಮಾಡಲಿಲ್ಲ.

ಎರಡೂ ತಂಡ ಸಮಸಮ ಬಂದವು. ಕೊನೆಯ ಸುತ್ತಿನಲ್ಲಿ ತಮ್ಮನೂ ಆ ಎತ್ತರದವರೂ ಇಬ್ಬರೇ ಉಳಿದರು. ತಮ್ಮ ಕಿಂಡಿಯ ಕೋಣೆ ಸೇರಿ ಅಂಗಳದ ಮೇಲೆ ಕಣ್ಣಿಟ್ಟ. ಕಲ್ಲಿನ ಮೇಲೆ ಓಡಿದರೆ ಹೆಜ್ಜೆಯ ಸದ್ದು ಕೇಳುವ ಹಾಗೆ ಮಾಡಿದ್ದೆ. ಅವನು ಅದನ್ನು ನಂಬಿಕೊಂಡಿದ್ದ. ಆದರೆ ಅವರು ಓಡಲಿಲ್ಲ. ಸುತ್ತಿನ ಹೊತ್ತು ಮುಗಿಯುತ್ತಾ ಬಂದರೂ ಅವಸರ ಮಾಡದೆ, ಹಿಂದಿನ ಮೆಟ್ಟಿಲನ್ನು ಒಂದೊಂದಾಗಿ, ಬೆಕ್ಕಿನ ಹಾಗೆ ನಡೆದು ಹತ್ತಿದರು. ನೋಡುತ್ತಿದ್ದ ನಮಗೆಲ್ಲ ಕಾಣುತ್ತಿತ್ತು, ತಮ್ಮನಿಗೊಬ್ಬನಿಗೇ ಇಲ್ಲ. ಕೊನೆಯ ಗಳಿಗೆಯಲ್ಲಿ ಅವನಿಗೇನನ್ನಿಸಿತೋ, ಗಕ್ಕನೆ ತಿರುಗಿದ. ಇಬ್ಬರೂ ಒಟ್ಟಿಗೇ ಹೊಡೆದರು. ತಮ್ಮ ಬಿದ್ದ.

ತಮ್ಮ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ನಾನು ಅವನ ಕಿವಿ ಕೆಂಪಾದೀತೇ ಎಂದು ನೋಡುತ್ತಿದ್ದೆ.

"ಅಲ್ರೀ," ಅಂದ ಅವನು, ಕುರ್ಚಿಯನ್ನು ಎದುರಾಳಿಯ ಕಡೆ ಎಳೆದುಕೊಳ್ಳುತ್ತಾ. "ಹೊತ್ತ ಮುಗೀತಿತ್ತು, ಆದ್ರೂ ಹೆಂಗ ತಡಕೊಂಡ್ರಿ ನೀವು?"

ಅವರು ನಕ್ಕರು. "ನೀವು ಮೊದಲಿನಂಗ ಇದ್ರ ಓಡಿ ಬರ್ತಿದ್ನಿರಿ. ಈಗ ನಿಮ್ಮ ಕೈ ನೋಡಿ ನನಗ ಅಂಜಿಕಿ ಬಂತು. ಆ ಗುರಿ ಯಾವಾಗ ಕಲತ್ರಿ?"

ಇಬ್ಬರೂ ಒಂದೇ ಪರದೆಗೆ ತಲೆ ಹಾಕಿ, ಒಬ್ಬರು ನಡೆಯುವುದನ್ನೂ ಇನ್ನೊಬ್ಬರು ಮೌಸ್ ಎಳೆಯುವುದನ್ನೂ ತೋರಿಸಿಕೊಡತೊಡಗಿದರು. ಸುತ್ತ ನಿಂತವರು ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಆಡುವುದನ್ನು ಬಿಟ್ಟಿದ್ದ ಇಬ್ಬರು ನನ್ನ ಹತ್ತಿರ ಬಂದು, ನಾಳೆ ಗೋಡೆಗೆ ಹೊಡೆಯಲು ಬೆಳಗ್ಗೆಯೇ ಬರಬಹುದೇ ಎಂದು ಕೇಳಿದರು. ಬಾಗಿಲು ಬೇಗ ತೆಗೆದಿರುತ್ತೇನೆ ಅಂದೆ.

ರಾಮದುರ್ಗದವರನ್ನು ಗಿರ್ಮಿಟ್, ಮಿರ್ಚಿ ತಿನ್ನಿಸಿ ಬಸ್ಸು ಹತ್ತಿಸಿದೆವು. ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಇದ್ದಳು.

"ಯಾರ ಗೆದ್ರು?"

"ರಾಮದುರ್ಗದವ್ರು," ಅಂದೆ.

"ಮತ್ಯಾಕ ಇಬ್ರೂ ನಗಾಕತ್ತೀರಿ?"